ಊರಂಚಿನ ಗುಡ್ಡ ಉಳಿಸುವ ಮೆಷರ್: ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಈಸ್ಟ್‌ಬೇ_ಕನ್ನಡತಿ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಈಸ್ಟ್ ಬೇ ಕಡೆಯ ನಮ್ಮ ಊರಿನಲ್ಲಿ, ಗುಡ್ಡದ ತಪ್ಪಲಿನ ಹುಲ್ಲುಗಾವಲಲ್ಲಿ ಮನೆ ಕಟ್ಟಲು ಬಿಡಬಾರದು ಅಂತ ಒಂದು ಗುಂಪು ಇನಿಶಿಯೇಟಿವ್, ಅಂದರೆ ನಾಗರಿಕರೇ ಸಹಿ ಸಂಗ್ರಹಿಸಿ ಮತಕ್ಕೆ ಇಡುವ ಕಾನೂನು, ತರಲು ಹೊರಟಿದೆ (ಹೀಗೆ ಮತಕ್ಕೆ ಬರುವುದನ್ನು ಮೆಷರ್ ಅನ್ನುತ್ತಾರೆ). ಕರಡು ಸಿದ್ಧವಾಗಿದೆ, ಸಿಟಿ ಕ್ಲರ್ಕ್ ಕಚೇರಿಗೆ ಇನ್ನೂ ಕೊಟ್ಟಿಲ್ಲ. ಇಲ್ಲಿನ ಕನ್ನಡ ಕುಟುಂಬಗಳ ಗುಂಪಿನಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇ ನಡೆದಿದೆ. ಗೆದ್ದರೆ ಆ ಜಾಗ ನಿಜವಾಗಿ ಉಳಿಯುತ್ತದೆಯೇ, ಅಥವಾ ಮುಂದಿನ ಸಿಟಿ ಕೌನ್ಸಿಲ್ (ನಗರಸಭೆ) ಬದಲಾಯಿಸಿಬಿಡಬಹುದೇ? ತೆರಿಗೆ ಎಷ್ಟು ಬೀಳುತ್ತದೆ? ಬಾಡಿಗೆ ಈಗಲೇ ಕೈಗೆಟುಕದಿರುವಾಗ ಮನೆ ಬೇಡ ಅನ್ನುವುದು ಸರಿಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಹುಲ್ಲುಗಾವಲು

ಮೊದಲು ಒಂದು ವಿಂಗಡಣೆ ಮಾಡಿಕೊಳ್ಳೋಣ. ಇಲ್ಲಿ ಓಪನ್ ಸ್ಪೇಸ್ ಮೆಷರ್ ಅಂತ ಕರೆಯುವುದರಲ್ಲಿ ಎರಡು ಬಗೆ ಇವೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಒಂದು, ಜಾಗದ ಬಳಕೆಯನ್ನು ಕಟ್ಟಿಹಾಕುವುದು. ಜನರಲ್ ಪ್ಲಾನ್‌ನಲ್ಲಿ (ಯಾವ ಜಾಗ ಯಾವ ಬಳಕೆಗೆ ಅಂತ ಊರು ಮಾಡಿಟ್ಟ ಮೂಲ ಯೋಜನೆ) ಕೃಷಿ ಅಥವಾ ಗುಡ್ಡ ಅಂತ ಗುರುತಿಸಿದ ಜಮೀನನ್ನು ಬೇರೆ ಬಳಕೆಗೆ ಬದಲಿಸಬೇಕಾದರೆ ಮತದಾರರ ಒಪ್ಪಿಗೆ ಬೇಕು ಅನ್ನುವ ನಿಯಮ. ಇದಕ್ಕೆ ತೆರಿಗೆ ಇಲ್ಲ, ಸರಳ ಬಹುಮತ ಸಾಕು. ಆದರೆ ಜಮೀನು ಖಾಸಗಿಯವರದ್ದೇ ಆಗಿ ಉಳಿಯುತ್ತದೆ, ಬೇಲಿಯೂ ಅವರದ್ದೇ. ಅಲ್ಲಿ ಕಾಲಿಡುವ ಹಕ್ಕು ನಿಮಗೆ ಬರುವುದಿಲ್ಲ. ಮೆಷರ್ ಗೆದ್ದ ಮರುವರ್ಷ "ಗುಡ್ಡದಲ್ಲಿ ನಡೆಯುವ ಟ್ರೇಲ್ ಎಲ್ಲಿ?" ಅಂತ ಕೇಳುವವರು ಎಲ್ಲ ಊರಲ್ಲೂ ಇರುತ್ತಾರೆ.

ಎರಡನೆಯದು, ಹಣ ಎತ್ತುವುದು. ಪಾರ್ಸೆಲ್ ಟ್ಯಾಕ್ಸ್ (ಪ್ರತಿ ಆಸ್ತಿಗೆ ಇಷ್ಟು ಅಂತ ಹಾಕುವ ತೆರಿಗೆ) ಅಥವಾ ಬಾಂಡ್ (ಆಸ್ತಿ ತೆರಿಗೆಯಿಂದ ತೀರಿಸುವ ಸಾರ್ವಜನಿಕ ಸಾಲ) ಮೂಲಕ ಹಣ ಬಂದು, ಸಾರ್ವಜನಿಕ ಸಂಸ್ಥೆ ಜಮೀನನ್ನೇ ಕೊಳ್ಳುತ್ತದೆ. ಟ್ರೇಲ್, ಪಾರ್ಕಿಂಗ್, ಹೊಳೆ ಹಸನು ಮಾಡುವ ಕೆಲಸ ಎಲ್ಲ ಈ ಹಣದಿಂದ.

ಮೊದಲ ಬಗೆಗೆ ಮಾದರಿ ನಾಪಾ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಅಲ್ಲಿ 1968ರಲ್ಲೇ ದ್ರಾಕ್ಷಿ ತೋಟದ ಜಮೀನನ್ನು ಅಗ್ರಿಕಲ್ಚರಲ್ ಪ್ರಿಸರ್ವ್ ಮಾಡಿದ್ದರು. ಆದರೆ ಐದು ಜನರ ಕೌಂಟಿ ಮಂಡಳಿಯಲ್ಲಿ ಮೂವರು ಕೈ ಎತ್ತಿದರೆ ಅದು ಬದಲಾಗಬಹುದಿತ್ತು. ಹಾಗಾಗಿ 1990ರಲ್ಲಿ ಮೆಷರ್ ಜೆ ಬಂತು: ಕೃಷಿ ಜಮೀನಿನ ಗುರುತು ಬದಲಿಸಲು ಜನರ ಮತವೇ ಬೇಕು. ಜನರಲ್ ಪ್ಲಾನ್ ತಿದ್ದುವ ಅಧಿಕಾರ ಮತದಾರರಿಗೆ ಇದೆಯೇ ಅಂತ ಮೊಕದ್ದಮೆ ನಡೆದು, 1995ರಲ್ಲಿ ಡಿವಿಟಾ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದೆ ಅಂತ ತೀರ್ಪು ಕೊಟ್ಟಿತು. 2008ರಲ್ಲಿ ಮೆಷರ್ ಪಿ ಇದನ್ನು 2058ರವರೆಗೆ ವಿಸ್ತರಿಸಿತು. ನಮ್ಮ ಹತ್ತಿರದ ಮಿಲ್ಪಿಟಸ್‌ನಲ್ಲೂ 2016ರಲ್ಲಿ ಐ, ಜೆ, ಕೆ ಅಂತ ಮೂರು ಮೆಷರ್‌ಗಳು ಗೆದ್ದವು; ಊರಿನ ಗಡಿರೇಖೆ, ಗುಡ್ಡ, ಪಾರ್ಕು, ಮೂರಕ್ಕೂ 2038ರವರೆಗೆ ರಕ್ಷಣೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಕ್ಯಾಲಿಫೋರ್ನಿಯಾದ ನಗರಗಳಲ್ಲಿ ಮತದಾರರು ಇನಿಶಿಯೇಟಿವ್ ಮೂಲಕ ತಂದ ಕಾನೂನನ್ನು ಕೌನ್ಸಿಲ್ ತಾನಾಗಿ ತಿದ್ದುವಂತಿಲ್ಲ, ರದ್ದು ಮಾಡುವಂತೆಯೂ ಇಲ್ಲ. ಮತ್ತೆ ಮತಕ್ಕೇ ಹೋಗಬೇಕು. ಆದರೆ ಮೆಷರ್‌ನ ಒಳಗೇ "ಕೌನ್ಸಿಲ್ ತಿದ್ದಬಹುದು" ಅಂತ ಒಂದು ಸಾಲು ಇದ್ದರೆ ತಿದ್ದಬಹುದು. ಕರಡಿನ ಕೊನೆಯ ಎರಡು ಪುಟಗಳಲ್ಲಿ ಆ ಸಾಲು ಇದೆಯೇ, ಎಷ್ಟು ವರ್ಷದ ಅವಧಿ ಬರೆದಿದ್ದಾರೆ, ಇವೆರಡನ್ನು ಮೊದಲು ಹುಡುಕಿ.

ಲೆಕ್ಕಪತ್ರ

ತೆರಿಗೆಯ ಮಾತು ನಾನು ಬರೆಯುತ್ತೇನೆ. ನಿಮ್ಮದು ಬರೀ ಬಳಕೆಯ ನಿಯಮವಾದರೆ ಬಿಲ್ಲಿಗೆ ಒಂದು ಡಾಲರೂ ಸೇರುವುದಿಲ್ಲ. ಹಣದ ಮೆಷರ್ ಆದರೆ ಪಾರ್ಸೆಲ್ ಟ್ಯಾಕ್ಸಾ, ಬಾಂಡಾ ಅಂತ ನೋಡಬೇಕು. ಹೊರೆ ಬೀಳುವ ರೀತಿ ಎರಡರಲ್ಲೂ ಬೇರೆ ಬೇರೆ.

ಸಾಂಟಾ ಕ್ಲಾರಾ ವ್ಯಾಲಿ ಓಪನ್ ಸ್ಪೇಸ್ ಅಥಾರಿಟಿಯ ಪಾರ್ಸೆಲ್ ಟ್ಯಾಕ್ಸ್ ವರ್ಷಕ್ಕೆ 24 ಡಾಲರ್. 2014ರ ಮೆಷರ್ ಕ್ಯೂನಲ್ಲಿ 15 ವರ್ಷಕ್ಕೆ ಅಂತ ಬಂದಿತ್ತು. 2020ರ ಮೆಷರ್ ಟಿಯಲ್ಲಿ ಮತದಾರರೇ ನಿಲ್ಲಿಸುವವರೆಗೆ ಅಂತ ಮುಂದುವರಿಯಿತು. ಹಳೆಯ ಮನೆ, ಹೊಸ ಮನೆ ಎಲ್ಲಕ್ಕೂ ಅದೇ 24.

ಬಾಂಡ್ ಹಾಗಲ್ಲ. ಮಿಡ್‌ಪೆನಿನ್ಸುಲಾ ಓಪನ್ ಸ್ಪೇಸ್ ಡಿಸ್ಟ್ರಿಕ್ಟ್ 2014ರ ಜೂನ್‌ನಲ್ಲಿ ಮೆಷರ್ ಎಎ ಮೂಲಕ 30 ಕೋಟಿ ಡಾಲರ್ ಬಾಂಡ್‌ಗೆ ಒಪ್ಪಿಗೆ ಪಡೆಯಿತು. ದರದ ಮಿತಿ ಒಂದು ಲಕ್ಷ ಡಾಲರ್ ಅಸೆಸ್ಡ್ ಮೌಲ್ಯಕ್ಕೆ 3.18 ಡಾಲರ್. ಅಸೆಸ್ಡ್ ಮೌಲ್ಯ ಅಂದರೆ ತೆರಿಗೆಗೆ ಲೆಕ್ಕ ಹಿಡಿಯುವ ಬೆಲೆ, ಮಾರುಕಟ್ಟೆ ಬೆಲೆಯಲ್ಲ. 1978ರ ಪ್ರೊಪೊಸಿಷನ್ 13ರ ಪ್ರಕಾರ ಕೊಂಡ ಬೆಲೆಯ ಮೇಲೆ ವರ್ಷಕ್ಕೆ ಹೆಚ್ಚೆಂದರೆ ಶೇ 2 ಮಾತ್ರ ಏರುತ್ತದೆ. ಆದ್ದರಿಂದ ಇತ್ತೀಚೆಗೆ 18 ಲಕ್ಷಕ್ಕೆ ಕೊಂಡವರಿಗೆ ಹೆಚ್ಚೆಂದರೆ ವರ್ಷಕ್ಕೆ ಸುಮಾರು 57 ಡಾಲರ್. ಅದೇ ಬೀದಿಯಲ್ಲಿ ಅಸೆಸ್‌ಮೆಂಟ್ 3 ಲಕ್ಷದಲ್ಲೇ ಇರುವ ಹಳಬರಿಗೆ ಒಂಬತ್ತೂವರೆ. ನಮ್ಮವರಲ್ಲಿ ಹೆಚ್ಚಿನವರು ಈಚೆಗೆ ಕೊಂಡವರು, ಹಾಗಾಗಿ ಬಾಂಡ್ ಅಂದಾಗ ಈ ವ್ಯತ್ಯಾಸ ತಿಳಿದಿರಲಿ.

ಸರ್ಕಾರಿ ಸಂಸ್ಥೆಯೇ ಮತಕ್ಕೆ ಇಡುವ ಇಂಥ ಪಾರ್ಸೆಲ್ ಟ್ಯಾಕ್ಸ್‌ಗೆ, ಹಾಗೆಯೇ ಈ ಬಗೆಯ ಬಾಂಡ್‌ಗೆ, ಮೂರನೇ ಎರಡರಷ್ಟು ಮತ ಬೇಕು. ಒಂದು "ಬೇಡ" ಮತವನ್ನು ಸರಿಗಟ್ಟಲು ಎರಡು "ಬೇಕು" ಮತ ಬೇಕಾದ ಹಾಗೆ. ಮೆಷರ್ ಕ್ಯೂ, ಮೆಷರ್ ಎಎ ಎರಡೂ ಸುಮಾರು ಶೇ 68ರಲ್ಲಿ ದಾಟಿದವು, ಅಂಚಿನಲ್ಲೇ.

ಗಾರೆ_ಸಿಮೆಂಟು

ನಾನು ವಿರೋಧದ ಮಾತು ಆಡುತ್ತೇನೆ, ತಪ್ಪು ತಿಳಿಯಬೇಡಿ. ರಾಜ್ಯ ಪ್ರತಿ ಊರಿಗೂ ಎಂಟು ವರ್ಷಕ್ಕೆ ಇಷ್ಟು ಮನೆಗೆ ಜಾಗ ತೋರಿಸಿ ಅಂತ ಲೆಕ್ಕ ಕೊಟ್ಟಿದೆ. 2023ರಿಂದ 2031ರ ಸುತ್ತಿನಲ್ಲಿ ಫ್ರೀಮಾಂಟ್‌ಗೆ 12,897, ಸ್ಯಾನ್ ಹೋಸೆಗೆ 62,200, ಕ್ಯುಪರ್ಟಿನೋಗೆ 4,588. ಈ ಜನ ಎಲ್ಲಿ ಇರಬೇಕು? ಬೇ ಏರಿಯಾದಲ್ಲಿ ಕಟ್ಟದೆ ಬಿಟ್ಟ ಮನೆ ಗುಡ್ಡದಾಚೆಯ ಟ್ರೇಸಿಯಲ್ಲೋ ಮಾಂಟೆಕಾದಲ್ಲೋ ಎದ್ದೇಳುತ್ತದೆ. ಅಲ್ಲೂ ಹೋಗುವುದು ಕೃಷಿ ಜಮೀನೇ. ಅದರ ಮೇಲೆ ಆಲ್ಟಮಾಂಟ್ ಕಣಿವೆದಾರಿ ದಾಟಿ ದಿನಾ ಕಾರು ಓಡಿಸುವ ಹೊಗೆ.

ಇನ್ನೊಂದು ಸಂಗತಿ. ಪಾರ್ಕು ಬರುವುದು ಬಡಾವಣೆಯಿಂದಲೂ ಹೌದು. 1965ರ ಕ್ವಿಂಬಿ ಕಾಯ್ದೆಯಡಿ ಹೊಸ ಸಬ್‌ಡಿವಿಷನ್ ಕಟ್ಟುವವರಿಂದ ಸಾವಿರ ಜನಕ್ಕೆ 3 ಎಕರೆ, ಕೆಲವು ಕಡೆ 5 ಎಕರೆವರೆಗೂ, ಪಾರ್ಕ್ ಜಾಗವನ್ನೋ ಅದರ ಹಣವನ್ನೋ ಊರು ಕೇಳಬಹುದು. ಮನೆ ಪೂರ್ತಿ ನಿಲ್ಲಿಸಿದರೆ ಆ ದಾರಿಯೂ ನಿಲ್ಲುತ್ತದೆ.

ನನಗೆ ನಿಜವಾಗಿ ನೋವಾಗುವುದು ಇದು: ಗುಡ್ಡ ಉಳಿಸಿ ಅಂತ ಸಹಿ ಹಾಕುವವರಲ್ಲಿ ಎಷ್ಟೋ ಜನ, ಬಾರ್ಟ್ ರೈಲು ನಿಲ್ದಾಣದ ಪಕ್ಕ ಐದು ಮಹಡಿ ಏಳುತ್ತದೆ ಅಂದಾಗ ಕೌನ್ಸಿಲ್ ಸಭೆಯಲ್ಲಿ ಅದಕ್ಕೂ ಬೇಡ ಅನ್ನುತ್ತಾರೆ. ಎರಡಕ್ಕೂ ಬೇಡ ಅಂದರೆ ಆಗ ಉಳಿಯುವುದು ಗುಡ್ಡ ಅಲ್ಲ, ಈಗಾಗಲೇ ಮನೆ ಇರುವವರ ಅನುಕೂಲ.

ಹುಲ್ಲುಗಾವಲು

ಕೊನೆಯ ಮಾತು ಪೂರ್ತಿ ಒಪ್ಪುತ್ತೇನೆ. ಗುಡ್ಡದ ಮೆಷರ್‌ಗೆ ಹೌದು ಅನ್ನುವವರು ಬಾರ್ಟ್ ಪಕ್ಕದ ಮನೆಗೂ ಹೌದು ಅನ್ನಬೇಕು. ವಾರ್ಮ್ ಸ್ಪ್ರಿಂಗ್ಸ್ ನಿಲ್ದಾಣ 2017ರಲ್ಲಿ ತೆರೆದ ಮೇಲೆ ಸುತ್ತ ಬಂದ ಮನೆಗಳು ಸರಿಯಾದ ಜಾಗದಲ್ಲಿ ಬಂದವು.

ಆದರೆ ತಪ್ಪಲಿನಲ್ಲಿ ಕಟ್ಟುವ ಮನೆ ಬಾಡಿಗೆ ಇಳಿಸುತ್ತದೆ ಅನ್ನುವುದನ್ನು ಒಪ್ಪಲಾರೆ. ಇಳಿಜಾರಿನಲ್ಲಿ ನೆಲ ಕಡಿದು ತುಂಬಬೇಕು, ತಡೆಗೋಡೆ ಎತ್ತಬೇಕು, ನೀರನ್ನು ಮೇಲೆ ಪಂಪ್ ಮಾಡಿ ಟ್ಯಾಂಕ್ ಇಡಬೇಕು, ಅಗ್ನಿಶಾಮಕ ವಾಹನ ತಿರುಗುವಷ್ಟು ಅಗಲದ ಎರಡು ದಾರಿ ಬೇಕು. ಈ ಖರ್ಚೆಲ್ಲ ಸೇರಿ ಅಲ್ಲಿ ಏಳುವುದು ದೊಡ್ಡ, ದುಬಾರಿ, ಕೆಲವೇ ಮನೆ. ಈಸ್ಟ್ ಬೇ ತಪ್ಪಲಿನ ಉದ್ದಕ್ಕೂ ಹೇವರ್ಡ್ ಫಾಲ್ಟ್, ಅಂದರೆ ಭೂಕಂಪದ ಬಿರುಕು, ಬೇರೆ ಇದೆ. 1998ರ ಮಾರ್ಚ್‌ನಲ್ಲಿ, ಮಳೆಗಾಲದ ಕೊನೆಗೆ ಮಿಷನ್ ಪೀಕ್‌ನ ಮಗ್ಗುಲು ಜಾರಿದ ಗುರುತು ಇವತ್ತಿಗೂ ಗುಡ್ಡದ ಮೇಲೆ ಕಾಣುತ್ತದೆ.

ಸ್ಯಾನ್ ಹೋಸೆಯ ದಕ್ಷಿಣದ ಕೊಯೋಟಿ ವ್ಯಾಲಿಯನ್ನೂ ನೋಡಿ. ಒಂದು ಕಾಲಕ್ಕೆ ಅಲ್ಲಿ ದೊಡ್ಡ ಟೆಕ್ ಕ್ಯಾಂಪಸ್, ಆಮೇಲೆ 25,000 ಮನೆ ಅಂತ ಯೋಜನೆ ಇತ್ತು, 2008ರಲ್ಲಿ ಕೈಬಿಟ್ಟರು. 2017ರ ಫೆಬ್ರವರಿಯಲ್ಲಿ ಕೊಯೋಟಿ ಕ್ರೀಕ್ ಉಕ್ಕಿ ಸುಮಾರು 14,000 ಜನ ಮನೆ ಬಿಡಬೇಕಾಯಿತು. ಮೇಲ್ಭಾಗದ ಕಣಿವೆ ಬಯಲಾಗಿದ್ದರೆ ಮಳೆನೀರು ಅಲ್ಲಿ ಹರಡಿ ನಿಲ್ಲುತ್ತದೆ, ಊರಿಗೆ ನುಗ್ಗುವುದು ತಡವಾಗುತ್ತದೆ. 2018ರಲ್ಲಿ ಸ್ಯಾನ್ ಹೋಸೆ ನಗರದ್ದೇ ಮೆಷರ್ ಟಿ (ಮೇಲೆ ಹೇಳಿದ 2020ರದ್ದಲ್ಲ) ಅಂತ 65 ಕೋಟಿ ಡಾಲರ್ ಬಾಂಡ್ ಬಂದಾಗ, ಅದರಲ್ಲಿ 5 ಕೋಟಿವರೆಗೆ ಈ ಕಣಿವೆಯ ನೈಸರ್ಗಿಕ ಪ್ರವಾಹ ತಡೆಗೆ ಅಂತ ಬರೆದಿದ್ದರು. 2019ರ ನವೆಂಬರ್‌ನಲ್ಲಿ 937 ಎಕರೆಯನ್ನು ಸುಮಾರು 9.35 ಕೋಟಿ ಡಾಲರ್‌ಗೆ ಕೊಂಡರು. ಸಿಟಿ ಸುಮಾರು 4.6 ಕೋಟಿ, ಪೆನಿನ್ಸುಲಾ ಓಪನ್ ಸ್ಪೇಸ್ ಟ್ರಸ್ಟ್ 4.2 ಕೋಟಿ ಚಿಲ್ಲರೆ, ಓಪನ್ ಸ್ಪೇಸ್ ಅಥಾರಿಟಿ 50 ಲಕ್ಷ. ಸಾಂಟಾ ಕ್ರೂಜ್ ಬೆಟ್ಟಕ್ಕೂ ಡಯಾಬ್ಲೊ ಶ್ರೇಣಿಗೂ ನಡುವೆ ಪ್ರಾಣಿಗಳು ದಾಟುವ ದಾರಿಯೂ ಇದೇ ಕಣಿವೆ.

ಲೆಕ್ಕಪತ್ರ

ಆ ಲೆಕ್ಕಕ್ಕೆ ಒಂದು ಸಾಲು ಸೇರಿಸುತ್ತೇನೆ. ಎಕರೆಗೆ ಹತ್ತಿರ ಹತ್ತಿರ ಒಂದು ಲಕ್ಷ ಡಾಲರ್ ಆಯಿತು. 24 ಡಾಲರ್‌ನ ಪಾರ್ಸೆಲ್ ಟ್ಯಾಕ್ಸ್‌ನಿಂದ ವರ್ಷಕ್ಕೆ ಬರುವುದು ಸುಮಾರು 80 ಲಕ್ಷ. ಸಿಬ್ಬಂದಿಗೂ ಟ್ರೇಲಿಗೂ ಏನೂ ಖರ್ಚು ಮಾಡದೆ ಅಷ್ಟನ್ನೂ ಜಮೀನಿಗೇ ಸುರಿದರೂ ಆ ಬೆಲೆಯಲ್ಲಿ ಸಿಗುವುದು 80 ಎಕರೆ. ಬರೀ ಹಣದಿಂದ ಗುಡ್ಡವೆಲ್ಲ ಕೊಳ್ಳಲಾಗದು, ಬರೀ ನಿಯಮದಿಂದ ಜನರಿಗೆ ದಾರಿ ಸಿಗದು. ಬಳಕೆಯ ನಿಯಮ ಇದ್ದರೆ ಜಮೀನಿನ ಬೆಲೆ ಮನೆ ಸೈಟಿನ ಮಟ್ಟಕ್ಕೆ ಏರುವುದಿಲ್ಲ, ಆಗ ಅದೇ ಹಣಕ್ಕೆ ಹೆಚ್ಚು ಎಕರೆ ಬರುತ್ತದೆ.

ಗಾರೆ_ಸಿಮೆಂಟು

ಬೆಲೆ ಏರದಂತೆ ನೋಡಿಕೊಳ್ಳುವುದು ಅಂದರೆ ಮಾಲೀಕರ ಜೇಬಿನಿಂದ ತೆಗೆದಂತೆ ಆಗಲಿಲ್ಲವೇ? ಮೂರು ತಲೆಮಾರಿನಿಂದ ದನ ಮೇಯಿಸಿಕೊಂಡು ಬಂದ ಕುಟುಂಬಗಳೂ ಅಲ್ಲಿವೆ.

ಕಾಯ್ದೆ_ಕಟ್ಟೆ

ಅದಕ್ಕೇ ಗಟ್ಟಿಯಾಗಿ ಬರೆದ ಮೆಷರ್‌ನಲ್ಲಿ ಒಂದು ವಿನಾಯಿತಿ ಇಟ್ಟಿರುತ್ತಾರೆ: ನಿಯಮ ಜಾರಿ ಮಾಡಿದರೆ ಪರಿಹಾರವಿಲ್ಲದೆ ಆಸ್ತಿ ಕಿತ್ತುಕೊಂಡಂತಾಗುತ್ತದೆ, ಸಂವಿಧಾನಕ್ಕೆ ವಿರುದ್ಧ, ಅಂತ ಕಂಡುಬಂದರೆ ಮಂಡಳಿ ಜನರ ಮತವಿಲ್ಲದೆಯೂ ಆ ಜಾಗಕ್ಕೆ ಬೇಕಾದಷ್ಟು ಮಾತ್ರ ಸಡಿಲಿಸಬಹುದು. ನಾಪಾದಲ್ಲೂ ಇದು ಇದೆ. ಈ ಸಾಲು ಇಲ್ಲದ ಕರಡು ಕೋರ್ಟಿನಲ್ಲಿ ದುರ್ಬಲ. ದನ ಮೇಯಿಸುವ ಕುಟುಂಬಗಳಿಗೆ 1965ರ ವಿಲಿಯಮ್‌ಸನ್ ಕಾಯ್ದೆಯ ಒಪ್ಪಂದವೂ ಇದೆ: ಕೃಷಿಯಲ್ಲೇ ಉಳಿಸುತ್ತೇವೆ ಅಂತ ಹತ್ತು ವರ್ಷದ, ಪ್ರತಿ ವರ್ಷ ತಾನಾಗಿ ಮುಂದುವರಿಯುವ ಕರಾರು, ಬದಲಿಗೆ ಆಸ್ತಿ ತೆರಿಗೆ ಇಳಿಕೆ. ನಿಮ್ಮ ಗುಡ್ಡದ ಜಮೀನು ಅದರಲ್ಲಿದೆಯೇ, ನಾನ್‌ರಿನ್ಯೂವಲ್ ನೋಟಿಸ್ (ಕರಾರು ಮುಂದುವರಿಸುವುದಿಲ್ಲ ಅನ್ನುವ ಸೂಚನೆ) ಕೊಟ್ಟಿದ್ದಾರೆಯೇ ಅಂತ ಕೌಂಟಿಯಲ್ಲಿ ವಿಚಾರಿಸಿ. ಕೊಟ್ಟಿದ್ದರೆ ಮಾಲೀಕರು ಮಾರುವ ಯೋಚನೆಯಲ್ಲಿ ಇರಬಹುದು.

ಈಗ ಕರಡಿನ ತಾಂತ್ರಿಕ ವಿಷಯ. ಒಳ್ಳೆಯ ಉದ್ದೇಶದ ಮೆಷರ್‌ಗಳು ಬೀಳುವುದು ಇಲ್ಲೇ.

ಒಂದು: ಜಮೀನು ಯಾರ ವ್ಯಾಪ್ತಿಯಲ್ಲಿದೆ? ಗುಡ್ಡ ಊರಿನ ಗಡಿಯ ಹೊರಗಿದ್ದರೆ ಸಿಟಿ ಮೆಷರ್ ಅದರ ಮೇಲೆ ನೇರವಾಗಿ ನಡೆಯದು, ಕೌಂಟಿ ಮೆಷರ್ ಬೇಕು. ಸಿಟಿಗಾದರೆ ನೋಂದಾಯಿತ ಮತದಾರರಲ್ಲಿ ಶೇ 10 ಸಹಿ. ಕೌಂಟಿಗಾದರೆ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಆ ಕೌಂಟಿಯಲ್ಲಿ ಬಿದ್ದ ಮತದ ಶೇ 10.

ಎರಡು: ಜೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ) ಮಾತ್ರ ಬದಲಿಸಿ ಜನರಲ್ ಪ್ಲಾನ್ ಮುಟ್ಟದಿದ್ದರೆ ಅಪಾಯ. ವಾಲ್ನಟ್ ಕ್ರೀಕ್‌ನ ಮತದಾರರು ಗೆಲ್ಲಿಸಿದ್ದ ಕಟ್ಟಡ ನಿರ್ಬಂಧ ಜನರಲ್ ಪ್ಲಾನ್‌ಗೆ ಹೊಂದುವುದಿಲ್ಲ ಅಂತ 1990ರಲ್ಲಿ ಲೆಷರ್ ಪ್ರಕರಣದಲ್ಲಿ ರದ್ದಾಯಿತು. ತಿದ್ದುವುದು ಜನರಲ್ ಪ್ಲಾನನ್ನೇ ಆಗಿರಬೇಕು, ಜೋನಿಂಗ್ ಅದರ ಹಿಂದೆ ಬರಬೇಕು.

ಮೂರು: ಪೂರ್ತಿ ಪಠ್ಯ. ಸಹಿ ಹಾಕುವವರ ಕೈಯಲ್ಲಿರುವ ಪ್ರತಿಯೊಂದು ಪ್ರತಿಯಲ್ಲೂ ಮೆಷರ್‌ನ ಪೂರ್ತಿ ಮಾತು, ಅದು ಜಾರಿಗೆ ತರುವ ಜನರಲ್ ಪ್ಲಾನ್ ಭಾಗಗಳೂ ನಕ್ಷೆಯೂ ಸೇರಿ, ಇರಬೇಕು. 1998ರ ಮರ್ವಿನ್ಸ್ ಪ್ರಕರಣದಲ್ಲಿ ಹೇವರ್ಡ್‌ನ ಅರ್ಜಿ ಬಿದ್ದದ್ದು ಜನರಲ್ ಪ್ಲಾನ್ ಭಾಗಗಳನ್ನು ಹೆಸರಿಸಿ, ಪಠ್ಯ ಸೇರಿಸದೆ ಹೋದದ್ದಕ್ಕೆ. ಕಾಗದ ಉಳಿಸಲು ನಕ್ಷೆಯನ್ನು ಬೇರೆ ಹಾಳೆಯಲ್ಲಿ ಇಡುವ ಆಸೆಗೆ ಬೀಳಬೇಡಿ.

ನಾಲ್ಕು: ರಾಜ್ಯದ ವಸತಿ ಕಾನೂನು. 2019ರ ಎಸ್‌ಬಿ 330 ಪ್ರಕಾರ, ಅದು ಅನ್ವಯಿಸುವ ಊರುಗಳಲ್ಲಿ, ಮನೆಗೆ ಅವಕಾಶವಿರುವ ಜಾಗದಲ್ಲಿ 2018ರ ಜನವರಿ 1ರಂದು ಇದ್ದುದಕ್ಕಿಂತ ಸಾಂದ್ರತೆ ಇಳಿಸುವಂತಿಲ್ಲ. ಇಳಿಸಿದರೆ ಅಷ್ಟನ್ನೇ ಬೇರೆ ಕಡೆ ಏರಿಸಬೇಕು. ಇದು ಇನಿಶಿಯೇಟಿವ್ ತರುವ ಮತದಾರರಿಗೂ ಅನ್ವಯ. ಆದ್ದರಿಂದ ಈಗಿರುವ ಕೃಷಿ ಗುರುತನ್ನು ಹಾಗೇ ಕಾಯುವ ಮೆಷರ್ ಸುರಕ್ಷಿತ. ಈಗಾಗಲೇ ಮನೆ ಸೈಟು ಅಂತ ಗುರುತಿಸಿದ್ದನ್ನು ಕೆಳಗಿಳಿಸಲು ಹೋದರೆ ಮೊಕದ್ದಮೆ ಬಾಗಿಲಿಗೆ ಬರುತ್ತದೆ.

ಗಾರೆ_ಸಿಮೆಂಟು

ಬಿಲ್ಡರ್ಸ್ ರೆಮಿಡಿಯನ್ನು ಮರೆಯಬೇಡಿ. ಊರಿನ ಹೌಸಿಂಗ್ ಎಲಿಮೆಂಟ್‌ಗೆ (ರಾಜ್ಯದ ಮನೆ ಲೆಕ್ಕಕ್ಕೆ ಜಾಗ ತೋರಿಸುವ ಯೋಜನೆ) ಕಾನೂನಿನ ಮಾನ್ಯತೆ ಇಲ್ಲದಿದ್ದಾಗ, ಕಡಿಮೆ ಆದಾಯದವರ ಮನೆ ಸೇರಿಸಿದ ಯೋಜನೆಯನ್ನು ಜೋನಿಂಗ್‌ಗೆ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ನಿರಾಕರಿಸುವುದು ಕಷ್ಟ. ಜನರ ಮತದಿಂದ ಬಂದ ಜೋನಿಂಗ್ ಆದರೂ ಅಷ್ಟೇ.

ಕಾಯ್ದೆ_ಕಟ್ಟೆ

ನಿಜ. ಆದರೆ ಅದೇ ಕಾನೂನಿನಲ್ಲಿ ಒಂದು ತಡೆಯೂ ಇದೆ: ಕೃಷಿ ಅಥವಾ ಸಂಪನ್ಮೂಲ ರಕ್ಷಣೆಗೆ ಗುರುತಿಸಿದ ಜಮೀನಿಗೆ ಕನಿಷ್ಠ ಎರಡು ಬದಿಯಲ್ಲಿ ಅಂಥದೇ ಬಳಕೆಯ ಜಮೀನಿದ್ದರೆ ಊರು ಯೋಜನೆಯನ್ನು ನಿರಾಕರಿಸಬಹುದು. ಗುಡ್ಡದ ಒಡಲಿನ ದೊಡ್ಡ ತುಂಡುಗಳಿಗೆ ಇದು ಸಿಗುತ್ತದೆ. ಮನೆಗಳ ನಡುವೆ ಸಿಕ್ಕಿಕೊಂಡ ಸಣ್ಣ ತುಂಡುಗಳಿಗೆ, ಮುಚ್ಚಿದ ಗಾಲ್ಫ್ ಮೈದಾನಕ್ಕೆ ಸಿಗುವುದು ಕಷ್ಟ. ಹಾಗಾಗಿ ಹೌಸಿಂಗ್ ಎಲಿಮೆಂಟ್‌ಗೆ ಮಾನ್ಯತೆ ಇರುವಂತೆ ಊರನ್ನು ಒತ್ತಾಯಿಸುವುದು ಗುಡ್ಡ ಉಳಿಸುವವರದ್ದೇ ಕೆಲಸ. ಈ ಒಂದು ವಿಷಯದಲ್ಲಿ ನೀವಿಬ್ಬರೂ ಒಂದೇ ಕಡೆ ನಿಲ್ಲಬೇಕು.

ಜಯನಗರ_4ನೇ_ಬ್ಲಾಕ್

ಬೆಂಗಳೂರಿನಿಂದ ಓದುತ್ತಿದ್ದೇನೆ. ನಮ್ಮಲ್ಲಿ ಇಂಥ ಮತ ಇಲ್ಲವಲ್ಲ. ನಮಗಿರುವ ದಾರಿ ಯಾವುದು?

ಕಾಯ್ದೆ_ಕಟ್ಟೆ

ಕರ್ನಾಟಕದಲ್ಲಿ ಜಮೀನಿನ ಬಳಕೆ ಬಗ್ಗೆ ನಾಗರಿಕರು ಸಹಿ ಹಾಕಿ ಮತಕ್ಕೆ ತರುವ ವ್ಯವಸ್ಥೆ ಇಲ್ಲ. ಇರುವುದು ಕಾನೂನು, ಆಕ್ಷೇಪಣೆ, ಕೋರ್ಟು. ಬಿಡಿಎ ಬಡಾವಣೆಯಲ್ಲಿ ಶೇ 15 ಪಾರ್ಕು ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಶೇ 10 ಸಿಎ ಸೈಟಿಗೆ (ನಾಗರಿಕ ಸೌಲಭ್ಯಗಳಿಗೆ) ಬಿಡಬೇಕು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆ ಇದೆ. ರಾಜಮಹಲ್ ವಿಲಾಸ್ ಬಡಾವಣೆಯ ಪಾರ್ಕ್ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳೇ ಕೋರ್ಟಿಗೆ ಹೋದರು, 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಲ್ಲದು ಅಂತು. ಪಾರ್ಕಿನ ಸುತ್ತಮುತ್ತ ವಾಸಿಸುವವರಿಗೆ ಪ್ರಶ್ನಿಸುವ ಹಕ್ಕಿದೆ ಅನ್ನುವುದು ಆ ತೀರ್ಪಿನ ಬಲ. ಮೂಲ ಲೇಔಟ್ ನಕ್ಷೆಯ ದೃಢೀಕೃತ ಪ್ರತಿಯನ್ನು ಇವತ್ತೇ ಪಡೆದಿಟ್ಟುಕೊಳ್ಳಿ. ವಿವಾದ ಶುರುವಾದ ಮೇಲೆ ಅದು ಸಿಗುವುದು ನಿಧಾನ.

ಮತಕ್ಕೆ ಹತ್ತಿರದ್ದು ಅಂದರೆ ಒಡಿಶಾದ ನಿಯಮಗಿರಿ. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ 12 ಗ್ರಾಮಸಭೆ ನಡೆದವು, ಹನ್ನೆರಡೂ ಗಣಿ ಬೇಡ ಅಂದವು. ಆದರೆ ಅದು ಅರಣ್ಯ ಹಕ್ಕು ಕಾಯ್ದೆಯ ಬಲ, ನಗರದ ಪಾರ್ಕಿಗೆ ಹೊಂದುವುದಿಲ್ಲ.

ಈಸ್ಟ್‌ಬೇ_ಕನ್ನಡತಿ

ತುಂಬಾ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಸಹಿ ಸಂಗ್ರಹದಲ್ಲಿ ಏನು ತಪ್ಪಾಗುತ್ತದೆ? ನಮ್ಮ ಊರಲ್ಲಿ ಸುಮಾರು 1,20,000 ಮತದಾರರು. ಗ್ರೀನ್ ಕಾರ್ಡ್, ಎಚ್‌1ಬಿ ಇರುವವರು ಏನಾದರೂ ಮಾಡಬಹುದೇ?

ಕಾಯ್ದೆ_ಕಟ್ಟೆ

ಸಹಿ ಮತ್ತು ಮತ ಆ ಊರಿನ ನೋಂದಾಯಿತ ಮತದಾರರದ್ದು ಮಾತ್ರ, ಅಂದರೆ ನಾಗರಿಕರದ್ದು. ಹಾಳೆ ಹಿಡಿದು ಸಹಿ ಕೇಳುವವರಿಗೆ 18 ವರ್ಷ ತುಂಬಿದ್ದರೆ ಸಾಕು, ಮತದಾರರೇ ಆಗಬೇಕಿಲ್ಲ. ಕೌನ್ಸಿಲ್ ಸಭೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು.

ಸಹಿ ಹಾಕುವವರು ಹೆಸರು, ಮನೆ ವಿಳಾಸ ಎರಡನ್ನೂ ತಾವೇ ಕೈಯಾರೆ ಬರೆಯಬೇಕು. ಗಂಡ ಹೆಂಡತಿಯ ಸಾಲನ್ನೂ ತುಂಬಿಬಿಟ್ಟರೆ ಆ ಸಾಲು ಹೋಯಿತು. ಪಿಒ ಬಾಕ್ಸ್ ನಡೆಯದು. ಮನೆ ಬದಲಿಸಿ ನೋಂದಣಿ ಬದಲಿಸದವರದ್ದು ಹೊಂದುವುದಿಲ್ಲ, ಬಾಡಿಗೆದಾರರಲ್ಲಿ ಇದೇ ಹೆಚ್ಚು. ಹಾಳೆಯ ಕೊನೆಯ ಘೋಷಣೆಯನ್ನು ಸಹಿ ಸಂಗ್ರಹಿಸಿದವರು ಸ್ವಂತ ಕೈಬರಹದಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಅಂತ ಸಮೇತ, ಸಹಿಗಳೆಲ್ಲ ಮುಗಿದ ಮೇಲೆ ತುಂಬಬೇಕು. ಮೊದಲೇ ತುಂಬಿಟ್ಟ ಹಾಳೆ ಇಡಿಯಾಗಿ ಹೋಗಬಹುದು.

ನಿಮಗೆ ಬೇಕಾದದ್ದು 12,000. ಎಷ್ಟೋ ಗುಂಪುಗಳು 12,500ಕ್ಕೆ ನಿಲ್ಲಿಸಿ ಸೋಲುತ್ತವೆ. 15,500 ತಂದಿರಿ ಅಂದುಕೊಳ್ಳಿ. ಕ್ಲರ್ಕ್ ಎಲ್ಲವನ್ನೂ ನೋಡದೆ ಮಾದರಿ ಪರೀಕ್ಷೆ ಮಾಡಬಹುದು: 500 ಅಥವಾ ಶೇ 3, ಯಾವುದು ಹೆಚ್ಚೋ ಅದು, ಇಲ್ಲಿ 500. ಅದರಲ್ಲಿ 400 ಸರಿ ಇದ್ದರೆ ಅಂದಾಜು 12,400, ಅಂದರೆ ಬೇಕಾದದ್ದರ ಶೇ 103. ಶೇ 110 ದಾಟಿದರೆ ನೇರ ಪಾಸ್, 95ಕ್ಕಿಂತ ಕೆಳಗೆ ಬಿದ್ದರೆ ಫೇಲ್, ನಡುವೆ ಇದ್ದರೆ ಒಂದೊಂದೂ ಎಣಿಕೆ.

ನಿಜವಾದ ಪೆಟ್ಟು ಎರಡು ಸಲ ಸಹಿ ಹಾಕಿದವರಿಂದ. ರಾಜ್ಯದ ಸೂತ್ರದಲ್ಲಿ ಮಾದರಿಯ ಪ್ರತಿ ಸಹಿ 31 ಸಹಿಗೆ ಪ್ರತಿನಿಧಿ (15,500 ಭಾಗಿಸು 500), ಮಾದರಿಯಲ್ಲಿ ಸಿಕ್ಕ ಒಂದು ಜೋಡಿಗೆ 31 ಗುಣಿಸು 30, ಅಂದರೆ 930 ಸಹಿ ಕಳೆಯುತ್ತಾರೆ. ಒಂದು ಜೋಡಿ ಸಿಕ್ಕರೆ 11,470, ಶೇ 95ರ ಅಂಚಿಗೆ. ಎರಡು ಸಿಕ್ಕರೆ 10,540, ಅಲ್ಲಿಗೆ ಮುಗಿಯಿತು. ಸಹಿ ಹಾಕಿಸುವಾಗ "ಮುಂಚೆ ಹಾಕಿದ್ದೀರಾ?" ಅಂತ ಕೇಳಲೇಬೇಕು. ಪ್ರತಿ ವಾರ ಹಾಳೆಗಳನ್ನು ಮತದಾರರ ಪಟ್ಟಿಗೆ ತಾಳೆ ನೋಡಿ, ಸಂಶಯದ ಸಾಲನ್ನು ಸಲ್ಲಿಸುವ ಮುಂಚೆ ಹೊಡೆದುಹಾಕಿ.

ಹುಲ್ಲುಗಾವಲು

ನಿಮ್ಮದಕ್ಕೆ ಎದುರಾಗಿ ಇನ್ನೊಂದು ಮೆಷರ್ ಬರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದೇ ಚುನಾವಣೆಯಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಮೆಷರ್ ಗೆದ್ದರೆ, ಹೆಚ್ಚು "ಹೌದು" ಪಡೆದದ್ದು ನಿಲ್ಲುತ್ತದೆ. 2018ರ ಜೂನ್‌ನಲ್ಲಿ ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿ 910 ಮನೆಗಳ ಮೆಷರ್ ಬಿ ಬಂದಾಗ, ಊರಂಚಿನ ಅಂಥ ಜಾಗಕ್ಕೆ ಬಿಗಿ ಷರತ್ತು ಹಾಕುವ ಮೆಷರ್ ಸಿಯನ್ನು ಕೌನ್ಸಿಲ್ ಎದುರಿಗೆ ಇಟ್ಟಿತು. ಬಿ ಸೋತು ಸಿ ಗೆದ್ದಿತು. ನಿಮ್ಮಲ್ಲಿ ಇದು ತಿರುಗುಮುರುಗು ಆಗಬಹುದು: ನಿಮ್ಮದಕ್ಕೆ ಎದುರಾಗಿ ಹಗುರವಾದ, ಹೆಸರು ಮಾತ್ರ ಚೆಂದವಿರುವ ಮೆಷರ್ ಬಂದರೆ ಎರಡರ ಪಠ್ಯವನ್ನೂ ಅಕ್ಕಪಕ್ಕ ಇಟ್ಟು ಜನರಿಗೆ ತೋರಿಸಬೇಕು.

ಗಾರೆ_ಸಿಮೆಂಟು

ನನ್ನ ಮತ ಬೇಕಾದರೆ ಒಂದು ಸಾಲು ಸೇರಿಸಿ: ರಾಜ್ಯ ಕೊಟ್ಟ ಮನೆ ಲೆಕ್ಕಕ್ಕೆ ಊರೊಳಗೆ ಜಾಗ ಸಾಲದೆಂದು ಸಾಬೀತಾದರೆ ಮಾತ್ರ, ಮತವಿಲ್ಲದೆ, ಬೇಕಾದಷ್ಟೇ ಎಕರೆ, ಅದೂ ಕಡಿಮೆ ಆದಾಯದವರ ಮನೆಗೆ ಬಿಡುವ ವಿನಾಯಿತಿ.

ಹುಲ್ಲುಗಾವಲು

ಇದು ಸರಿಯಾದ ಬೇಡಿಕೆ. "ಊರಿಗೆ ಅಂಟಿಕೊಂಡ, ನೀರು ಮತ್ತು ಒಳಚರಂಡಿ ಇರುವ ಜಾಗ ಮೊದಲು" ಅಂತಲೂ ಸೇರಿಸಿದರೆ ಗುಡ್ಡದ ಮೇಲ್ಭಾಗ ಉಳಿಯುತ್ತದೆ, ರಾಜ್ಯದ ಕಾನೂನಿಗೂ ಹೊಂದುತ್ತದೆ. ಆದರೆ ಇದನ್ನು ಈಗಲೇ ಬರೆಯಬೇಕು. ಸಹಿ ಶುರುವಾದ ಮೇಲೆ ಒಂದು ಪದವನ್ನೂ ಬದಲಿಸುವಂತಿಲ್ಲ.

ಕಾಯ್ದೆ_ಕಟ್ಟೆ

ಹೌದು, ದಿನಗಳನ್ನು ಹಿಂದಿನಿಂದ ಎಣಿಸಿ. ನವೆಂಬರ್ ಚುನಾವಣೆಗೆ 88 ದಿನ ಮುಂಚೆ, ಅಂದರೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ, ಕೌನ್ಸಿಲ್ ನಿರ್ಣಯ ಆಗಿರಬೇಕು. ಬಹಳ ಊರುಗಳಲ್ಲಿ ಜುಲೈ ಕೌನ್ಸಿಲ್‌ಗೆ ರಜೆ, ಹಾಗಾಗಿ ಜೂನ್ ಕೊನೆಯ ಸಭೆಯನ್ನೇ ಗಡುವು ಅಂತ ಇಟ್ಟುಕೊಳ್ಳಿ. ಕೌನ್ಸಿಲ್ ಪರಿಣಾಮದ ವರದಿ ಕೇಳಿದರೆ 30 ದಿನ. ಕ್ಲರ್ಕ್ ಸಹಿ ಪರೀಕ್ಷೆಗೆ 30 ಕೆಲಸದ ದಿನ, ಅಂದರೆ ಆರು ವಾರ. ಅಲ್ಲಿಗೆ ಏಪ್ರಿಲ್ ಮಧ್ಯಕ್ಕೆ ಹಾಳೆಗಳು ಕಚೇರಿಯಲ್ಲಿರಬೇಕು. ಸಂಗ್ರಹಕ್ಕೆ 180 ದಿನ ಪೂರ್ತಿ ಬೇಕೆಂದರೆ ಹಿಂದಿನ ಅಕ್ಟೋಬರ್ ಮಧ್ಯಕ್ಕೆ ಶುರು. ಅದಕ್ಕೂ ಮುಂಚೆ ಸಿಟಿ ಅಟಾರ್ನಿ ಶೀರ್ಷಿಕೆ ಮತ್ತು ಸಾರಾಂಶ ಬರೆಯಲು 15 ದಿನ, ಆಮೇಲೆ ಪತ್ರಿಕೆಯಲ್ಲಿ ಪ್ರಕಟಣೆ. ಸೆಪ್ಟೆಂಬರ್‌ನಲ್ಲಿ ನೋಟಿಸ್ ಆಫ್ ಇಂಟೆಂಟ್ (ಮೆಷರ್ ತರುತ್ತೇವೆ ಅನ್ನುವ ಸೂಚನೆ) ಕೊಡಬೇಕು; ಶುಲ್ಕ 200 ಡಾಲರ್ ಮೀರುವುದಿಲ್ಲ, ವರ್ಷದೊಳಗೆ ಸಹಿ ಸಾಕೆಂದು ದೃಢವಾದರೆ ವಾಪಸ್ ಬರುತ್ತದೆ. ಗಾರೆ ಸಿಮೆಂಟು ಅವರ ಸಾಲನ್ನು ಸೇರಿಸಿದ ಕರಡು ಆಗಸ್ಟ್‌ನೊಳಗೆ ಭೂಬಳಕೆ ಕಾನೂನು ಬಲ್ಲ ವಕೀಲರ ಮೇಜಿಗೆ ಹೋಗಲಿ.